ಎಚ್‌ಎಂಟಿ ಕೀ ವಾಚು: ನಿಂತಾಗ ಬಿಚ್ಚಿ ನೋಡಿದರೆ ತಿಳಿಯುವ ಗುಣದೋಷ

ಜನತಾ, ಪೈಲಟ್, ಜವಾನ್, ಕೋಹಿನೂರ್. ಡಯಲ್ ಬೇರೆ, ಕೇಸು ಬೇರೆ, ಹಿಂಬದಿ ಮುಚ್ಚಳ ತೆಗೆದರೆ ಸಾಮಾನ್ಯವಾಗಿ ಕಾಣುವುದು ಒಂದೇ ಮಷಿನ್: 17 ಕಲ್ಲಿನ (ಅಚ್ಚು ತಿರುಗುವಲ್ಲಿ, ತಿಕ್ಕುವಲ್ಲಿ ಕೂರಿಸಿದ ಸಣ್ಣ ಕೆಂಪು ಕಲ್ಲುಗಳು), ದಿನಾ ಕೈಯಲ್ಲಿ ಕೀ ಕೊಡಬೇಕಾದ, 0231 ಎಂಬ ನಂಬರಿನದು. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಪೂರ್ತಿ ಕೀ ಕೊಟ್ಟರೆ ಒಂದೂವರೆ ದಿನ ಆರಾಮಾಗಿ ಓಡಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ವಂಶವೇ ಇದು. ಡಯಲ್ ಮೇಲಿನ ‘ಪ್ಯಾರಾಶಾಕ್’ (ಪೆಟ್ಟು ತಡೆಯುವ ಏರ್ಪಾಡು) ಎಂಬ ಮಾತೂ ಸಿಟಿಜನ್‌ನಿಂದಲೇ ಬಂದದ್ದು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ವಾಚು ಮಾತ್ರ ಊರೂರಿನ ಬೀರುಗಳಲ್ಲಿ ಉಳಿದುಕೊಂಡಿದೆ, ಬಹುಪಾಲು ನಿಂತ ಸ್ಥಿತಿಯಲ್ಲಿ.

ಹಾಗಾಗಿ ಈ ವಾಚನ್ನು ಅದು ನಿಂತ ಸ್ಥಿತಿಯಲ್ಲೇ ಅಳೆಯುವುದು ನ್ಯಾಯ. ಸಮಯ ತೋರಿಸುವ ವಿಷಯದಲ್ಲಿ ಇದು ಸಾಧಾರಣ. ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದರೆ ಒಳ್ಳೆಯ ಸರ್ವಿಸ್ ಆಗಿದೆ ಎಂದರ್ಥ. ಆದರೆ ನಿಂತ ವಾಚನ್ನು ಮತ್ತೆ ಓಡಿಸುವ ವಿಷಯಕ್ಕೆ ಬಂದರೆ, ಇದರಷ್ಟು ನೇರವಾಗಿ ತನ್ನ ರೋಗ ಹೇಳುವ ಮಷಿನ್ ಈ ಬೆಲೆಯಲ್ಲಿ ಸಿಗುವುದು ಕಷ್ಟ. ಕ್ಯಾಲೆಂಡರ್ ಇಲ್ಲ, ಕೈ ಆಡಿದಾಗ ತಾನೇ ಕೀ ತುಂಬುವ ರೋಟರ್ ಇಲ್ಲ, ಚಕ್ರಗಳ ನಡುವೆ ಜಾಗ ಧಾರಾಳ, ಸ್ಕ್ರೂಗಳು ದಪ್ಪ. ನಿಂತ ಹತ್ತು ವಾಚುಗಳಲ್ಲಿ ಹೆಚ್ಚಿನವುಗಳಲ್ಲಿ ಏನೂ ಮುರಿದಿರುವುದಿಲ್ಲ; ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೇ. ನಿಜವಾದ ತೊಂದರೆ ಇರುವುದು ಕಾರ್ಖಾನೆ ಮಾಡಿದ್ದರಲ್ಲಲ್ಲ, ಆಮೇಲೆ ಬೇರೆಯವರು ಮಾಡಿದ್ದರಲ್ಲಿ. ಆ ಮಾತು ಮುಂದೆ ಬರುತ್ತದೆ.

ಮುಚ್ಚಳ ತೆಗೆಯುವ ಮೊದಲು

ಅರ್ಧ ಪತ್ತೆದಾರಿ ಕೆಲಸ ಹೊರಗಿನಿಂದಲೇ ಮುಗಿಯುತ್ತದೆ. ಮೊದಲು ಕೀ ಕೊಡಿ, ಬೆರಳಿಗೆ ಏನು ಗೊತ್ತಾಗುತ್ತದೆ ನೋಡಿ.

ಸರಿಯಾಗಿರುವ ವಾಚಿನಲ್ಲಿ ಕಟಕಟ ಸದ್ದು ಸ್ಪಷ್ಟವಾಗಿ ಕೇಳುತ್ತದೆ, ತಿರುವಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ, ಇಪ್ಪತ್ತು ಮೂವತ್ತು ತಿರುವಿನೊಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಗೆ ಬಿಡಬೇಕು. ಎಷ್ಟು ತಿರುವಿದರೂ ಬಿಗಿಯೇ ಆಗದೆ ಸುಮ್ಮನೆ ಸುತ್ತುತ್ತಲೇ ಇದ್ದರೆ ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗ್ ತುಂಡಾಗಿದೆ, ಇಲ್ಲವೇ ಅದರ ತುದಿ ಬ್ಯಾರೆಲ್ (ಸ್ಪ್ರಿಂಗ್ ಇರುವ ಡಬ್ಬಿ) ಗೋಡೆಯ ಕೊಕ್ಕೆಯಿಂದಲೋ ನಡುವಿನ ಅಚ್ಚಾದ ಆರ್ಬರ್‌ನಿಂದಲೋ ಕಳಚಿಕೊಂಡಿದೆ. ಕೀ ತಿರುವಿ ಬೆರಳು ಬಿಟ್ಟ ಕೂಡಲೇ ಅದು ಸರ್ರನೆ ಹಿಂದಕ್ಕೆ ತಿರುಗಿದರೆ ದೋಷ ಸ್ಪ್ರಿಂಗಿನದಲ್ಲ, ಹಿಂದೆ ಸರಿಯದಂತೆ ತಡೆಯುವ ಕ್ಲಿಕ್‌ನದು ಅಥವಾ ಅದರ ಕೂದಲೆಳೆಯಂಥ ಸ್ಪ್ರಿಂಗಿನದು. ತಿರುವುವಾಗ ಗರಗರ ಎಂದು ಜಾರಿದರೆ ಸ್ಟೆಮ್ (ಕೀಯಿಂದ ಒಳಗೆ ಹೋಗುವ ಕಡ್ಡಿ) ಮೇಲಿನ ಪಿನಿಯನ್ ಎಂಬ ಸಣ್ಣ ಚಕ್ರದ ಹಲ್ಲು ಸವೆದಿದೆ. ದಿನಾ ಕೀ ಕೊಡುವ ವಾಚಿನಲ್ಲಿ ಅದು ಸವೆಯುವುದು ಸಹಜವೇ. ಕೀ ಪೂರ್ತಿ ಕೈಗೇ ಬಂದರೆ ಸ್ಟೆಮ್ ಮುರಿದಿದೆ ಅಥವಾ ಸ್ಟೆಮ್ ಹಿಡಿದಿಡುವ ಸ್ಕ್ರೂ ಸಡಿಲವಾಗಿದೆ.

ಕೀ ಒಂದು ಸುತ್ತೂ ತಿರುಗದೆ ಆಗಲೇ ಬಿಗಿಯಾಗಿದ್ದರೆ? ‘ಕೀ ಜಾಸ್ತಿ ಕೊಟ್ಟು ವಾಚ್ ಜಾಮ್ ಆಗಿದೆ’ ಎಂದು ಜನ ಹೇಳುವುದು ಇದನ್ನೇ. ಹಾಗೊಂದು ರೋಗ ಇಲ್ಲ. ಸ್ಪ್ರಿಂಗ್ ತುಂಬಿದೆ, ಶಕ್ತಿ ಇದೆ, ಆದರೆ ಅದು ಆಚೀಚೆ ತೂಗಿ ಬಡಿತ ಕೊಡುವ ಬ್ಯಾಲೆನ್ಸ್ ಚಕ್ರದವರೆಗೆ ತಲುಪುತ್ತಿಲ್ಲ. ವಾಸ್ತವದಲ್ಲಿ ಇದು ಒಳ್ಳೆಯ ಸುದ್ದಿ: ಮೇನ್‌ಸ್ಪ್ರಿಂಗ್, ಕ್ಲಿಕ್, ಬ್ಯಾರೆಲ್ ಮೂರೂ ಸರಿ ಇವೆ ಎಂದು ಮುಚ್ಚಳ ತೆಗೆಯದೆಯೇ ತಿಳಿಯಿತು.

ಕೀ ಕೊಟ್ಟ ಮೇಲೆ ವಾಚನ್ನು ಡಯಲ್ ಮೇಲ್ಮುಖವಾಗಿ ಹಿಡಿದು, ಮೇಜಿನ ಮೇಲೆ ತಟ್ಟೆ ತಿರುಗಿಸುವ ಹಾಗೆ ಮಣಿಕಟ್ಟಿನಿಂದ ಆಚೀಚೆ ಮೆಲ್ಲಗೆ ತಿರುಗಿಸಿ. ಅಲುಗಾಡಿಸುವುದು, ಕುಟ್ಟುವುದು ಬೇಡ. ಓಡಲು ಶುರುವಾಗಿ ಕೆಲವು ಸೆಕೆಂಡಿನಲ್ಲಿ ನಿಂತರೆ ಒಣಗಿದ ಎಣ್ಣೆ ಎಂದು ಊಹಿಸಬಹುದು. ಡಯಲ್ ಮೇಲಿದ್ದಾಗ ನಿಂತು, ಕೆಳಮುಖ ಮಾಡಿದಾಗ ಓಡಿದರೆ ಇನ್ನೂ ನಿಖರ: ಡಯಲ್ ಮೇಲಿರುವಾಗ ಬ್ಯಾಲೆನ್ಸಿನ ಭಾರ ಹಿಂಬದಿಯ ಕಲ್ಲಿನ ಮೇಲೆ ಕೂರುತ್ತದೆ, ಆದ್ದರಿಂದ ಆ ಬದಿಯ ಪಿವಟ್ (ಅಚ್ಚಿನ ಸಣ್ಣ ತುದಿ) ಅಥವಾ ಕಲ್ಲು ಕೊಳೆಯಾಗಿದೆ, ಇಲ್ಲವೇ ಪೆಟ್ಟಾಗಿದೆ. ತದ್ವಿರುದ್ಧವಾಗಿದ್ದರೆ ಡಯಲ್ ಕೆಳಗಿನ ಕಲ್ಲಿನ ಮೇಲೆ ಅನುಮಾನ.

ಇನ್ನೊಂದು ಲಕ್ಷಣ ಇದೆ, ಹೆಚ್ಚಿನವರು ಗಮನಿಸುವುದೇ ಇಲ್ಲ. ವಾಚು ನಿಂತಾಗ ಮುಳ್ಳುಗಳು ಎಲ್ಲಿದ್ದವು ಎಂದು ಬರೆದಿಡಿ. ಗಂಟೆ ಮುಳ್ಳು, ನಿಮಿಷದ ಮುಳ್ಳು ಒಂದರ ಮೇಲೊಂದು ಬಂದಲ್ಲೇ ಪ್ರತಿ ಸಲ ನಿಲ್ಲುತ್ತಿದ್ದರೆ (ಸುಮಾರು 65 ನಿಮಿಷಕ್ಕೊಮ್ಮೆ ಅವು ಸೇರುತ್ತವೆ) ಮಷಿನ್ ಚೆನ್ನಾಗಿದೆ, ಮುಳ್ಳುಗಳು ತಾಗುತ್ತಿವೆ. ಸೆಕೆಂಡ್ ಮುಳ್ಳು ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಅದು ಡಯಲಿಗೋ ಗ್ಲಾಸಿಗೋ ತಾಗುತ್ತಿದೆ, ಇಲ್ಲವೇ ಆ ಚಕ್ರದ ಒಂದು ಹಲ್ಲಿನಲ್ಲಿ ಕೊಳೆ ಕೂತಿದೆ. ಟಿಕ್ ಟಿಕ್ ಸದ್ದು ಇದೆ, ಸೆಕೆಂಡ್ ಮುಳ್ಳು ಓಡುತ್ತಿದೆ, ಆದರೆ ನಿಮಿಷದ ಮುಳ್ಳು ಅಲ್ಲೇ ಇದೆ ಎಂದರೆ ವಾಚು ನಿಂತೇ ಇಲ್ಲ; ನಿಮಿಷದ ಮುಳ್ಳು ಕೂರುವ ಕ್ಯಾನನ್ ಪಿನಿಯನ್ ಎಂಬ ಕೊಳವೆ ಹಿಡಿತ ಬಿಟ್ಟಿದೆ. ಕೀ ಹೊರಗೆಳೆದು ಸಮಯ ಕೂಡಿಸುವಾಗ ಮುಳ್ಳು ತೀರಾ ಹಗುರವಾಗಿ ತಿರುಗಿದರೆ ಈ ಅನುಮಾನ ಗಟ್ಟಿಯಾಗುತ್ತದೆ.

ಬಿಚ್ಚಿದ ಮೇಲೆ

ಹಿಂಬದಿ ಮುಚ್ಚಳದ ಅಂಚಿನಲ್ಲಿ ಉಗುರು ಸಿಕ್ಕುವಷ್ಟು ತುಟಿ ಇದ್ದರೆ ಅದು ಒತ್ತಿ ಕೂರಿಸಿದ್ದು. ಮೊಂಡಾದ ಅಲಗಿನಿಂದ ಎಬ್ಬಿಸಬೇಕು. ಸುತ್ತ ಕಚ್ಚುಗಳಿದ್ದರೆ ತಿರುಪಿನದು. ಅಡುಗೆಮನೆ ಚಾಕು ಹಾಕಿ ಕೇಸಿಗೆ ಗೀರು, ಮಷಿನಿಗೆ ತೂತು ಮಾಡಿದ ವಾಚುಗಳಿಗೆ ಲೆಕ್ಕವಿಲ್ಲ.

ಸಾಮಾನು ಹೆಚ್ಚೇನೂ ಬೇಡ. 0.8ರಿಂದ 1.6 ಮಿ.ಮೀ.ವರೆಗಿನ ನಾಲ್ಕೈದು ಸ್ಕ್ರೂಡ್ರೈವರ್, ತುದಿ ಚೂಪಾಗಿರುವ ಒಂದು ಒಳ್ಳೆಯ ಚಿಮುಟ, ಕಣ್ಣಿಗೆ ಸಿಕ್ಕಿಸುವ 10 ಪಟ್ಟಿನ ಲೂಪ್, ರಬ್ಬರ್ ಗಾಳಿಬುರುಡೆ, ಮಷಿನ್ ಹಿಡಿದಿಡುವ ಹೋಲ್ಡರ್, ಮುಳ್ಳು ಎಬ್ಬಿಸುವ ಲಿವರ್ ಜೋಡಿ, ಹಲ್ಲುಕಡ್ಡಿಗಿಂತ ಮೃದುವಾದ ಮರದ ಕಡ್ಡಿ. ಚಿಮುಟಕ್ಕೆ ಮಾತ್ರ ಜಿಪುಣತನ ಮಾಡಬೇಡಿ. ಅಗ್ಗದ ಚಿಮುಟದ ತುದಿಗಳು ಸರಿಯಾಗಿ ಕೂಡುವುದಿಲ್ಲ, ಸಣ್ಣ ಭಾಗ ಚಿಮ್ಮಿ ಹೋದರೆ ಮತ್ತೆ ಸಿಗುವುದಿಲ್ಲ. ಬಾಯಿಯಿಂದ ಊದುವುದು ಬೇಡ, ಉಸಿರಿನ ತೇವವೇ ಉಕ್ಕಿನ ಭಾಗಕ್ಕೆ ತುಕ್ಕು.

ಮೊದಲ ನೋಟ ಬ್ಯಾಲೆನ್ಸ್ ಕಡೆಗಿರಲಿ. ಗಾಳಿಬುರುಡೆಯಿಂದ ಮೆಲ್ಲಗೆ ಊದಿದರೆ ಅದು ಸಲೀಸಾಗಿ ತೂಗಬೇಕು. ತೂಗದೆ ಒಂದು ಕಡೆ ವಾಲಿದ್ದರೆ ಅದರ ಅಚ್ಚಿನ, ಅಂದರೆ ಸ್ಟಾಫ್‌ನ, ಪಿವಟ್ ಮುರಿದಿದೆ, ಅಥವಾ ಪೆಟ್ಟು ಬಿದ್ದು ಪ್ಯಾರಾಶಾಕ್ ಕಲ್ಲು ಜಾಗ ಬಿಟ್ಟಿದೆ. ಎರಡನೆಯದಾದರೆ ಕಲ್ಲನ್ನು ತೆಗೆದು ತೊಳೆದು ಕೂರಿಸಿದರೆ ಮುಗಿಯಿತು. ಬ್ಯಾಲೆನ್ಸನ್ನು ಆಚೀಚೆ ತೂಗಿಸುವ ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಸಮ ಅಂತರದಲ್ಲಿ, ಒಂದೇ ಮಟ್ಟದಲ್ಲಿ ಇವೆಯೇ ನೋಡಿ. ಎರಡು ಸುರುಳಿ ಅಂಟಿಕೊಂಡಿದ್ದರೆ ಎಣ್ಣೆ ತಾಗಿದೆ ಅಥವಾ ವಾಚು ಮ್ಯಾಗ್ನೆಟ್ ಆಗಿದೆ. ಮ್ಯಾಗ್ನೆಟ್ ಆದ ವಾಚು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಗಂಟೆಗೆ ನಿಮಿಷಗಟ್ಟಲೆ ಮುಂದೆ ಓಡುತ್ತದೆ, ತೀವ್ರವಾದರೆ ನಿಲ್ಲಲೂಬಹುದು. ಸಣ್ಣ ದಿಕ್ಸೂಚಿಯ ಹತ್ತಿರ ಹಿಡಿದಾಗ ಸೂಜಿ ಬ್ಯಾಲೆನ್ಸ್ ಜೊತೆ ನಡುಗಿದರೆ ಖಾತ್ರಿ. ಡಿಮ್ಯಾಗ್ನೆಟೈಸರ್ ಗುಂಡಿ ಒತ್ತಿ ಹಿಡಿದು, ವಾಚನ್ನು ನಿಧಾನವಾಗಿ ಕೈ ಅಳತೆ ದೂರ ಒಯ್ದು, ಆಮೇಲೆ ಗುಂಡಿ ಬಿಡಬೇಕು. ಹತ್ತಿರ ಇರುವಾಗಲೇ ಗುಂಡಿ ಬಿಟ್ಟರೆ ಇನ್ನಷ್ಟು ಮ್ಯಾಗ್ನೆಟ್ ಆಗುತ್ತದೆ.

ಮುಂದಿನದಕ್ಕೆ ಒಂದು ನಿಯಮ ಇದೆ, ಅದನ್ನು ಮೀರಿದವರು ದಂಡ ತೆತ್ತೇ ತೀರುತ್ತಾರೆ: ಸ್ಪ್ರಿಂಗಿನ ಶಕ್ತಿ ಇಳಿಸದೆ ಪ್ಯಾಲೆಟ್ (ಕೊನೆಯ ಚಕ್ರವನ್ನು ಒಂದೊಂದೇ ಹಲ್ಲಾಗಿ ತಡೆದು ಬಿಡುವ ಕವಲು) ತೆಗೆಯಬಾರದು. ಕೀಯನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಒಂದಿಷ್ಟೇ ಮುಂದಕ್ಕೆ ತಿರುವಿ, ಚೂಪು ಕಡ್ಡಿಯಿಂದ ಕ್ಲಿಕ್ ಪಕ್ಕಕ್ಕೆ ಸರಿಸಿ ಹಿಡಿಯಿರಿ. ಬೆರಳ ನಡುವೆ ಕೀ ನಿಧಾನಕ್ಕೆ ಹಿಂದೆ ಜಾರಲಿ. ಕೀ ಬಿಟ್ಟುಬಿಟ್ಟರೆ ಅಷ್ಟೂ ಶಕ್ತಿ ಒಮ್ಮೆಲೇ ಬಿಚ್ಚಿ ಹಲ್ಲು ಮುರಿಯುತ್ತದೆ.

ಇನ್ನು ರೋಗ ಎಲ್ಲಿದೆ ಎಂದು ಸಾಲಾಗಿ ಕಂಡುಹಿಡಿಯುವ ಕೆಲಸ. ಶಕ್ತಿಯ ದಾರಿ ಬ್ಯಾರೆಲ್‌ನಿಂದ ನಡುವಿನ ಚಕ್ರ, ಮೂರನೆಯದು, ನಾಲ್ಕನೆಯದು, ಎಸ್ಕೇಪ್ ಚಕ್ರ, ಪ್ಯಾಲೆಟ್, ಕೊನೆಗೆ ಬ್ಯಾಲೆನ್ಸ್. ನಾವು ಹಿಂದಿನಿಂದ ಬರುತ್ತೇವೆ. ಬ್ಯಾಲೆನ್ಸನ್ನು ಅದರ ಸೇತುವೆ (ಮೇಲಿನಿಂದ ಹಿಡಿದಿಡುವ ಲೋಹದ ಪಟ್ಟಿ) ಸಮೇತ ಎತ್ತಿಡಿ. ಎತ್ತುವಾಗ ಹೇರ್‌ಸ್ಪ್ರಿಂಗ್ ಜೋಲಾಡುತ್ತ ಚಕ್ರ ಎಲ್ಲಾದರೂ ಸಿಕ್ಕಿಕೊಂಡರೆ ಎಳೆಯದೆ, ಇಡೀ ಸೇತುವೆಯನ್ನು ಸ್ವಲ್ಪ ತಿರುಗಿಸಿ ಬಿಡಿಸಿಕೊಳ್ಳಬೇಕು. ಈಗ ಕೀ ನಾಲ್ಕೈದು ಕ್ಲಿಕ್ ಮಾತ್ರ ಕೊಟ್ಟು ಪ್ಯಾಲೆಟ್ ಬಾಲವನ್ನು ಕಡ್ಡಿಯಿಂದ ಮುಟ್ಟಿ. ಚಟ್ ಎಂದು ಇನ್ನೊಂದು ಬದಿಗೆ ತಾನೇ ಜಿಗಿಯಬೇಕು, ಮತ್ತೆ ಮುಟ್ಟಿದರೆ ಮತ್ತೆ ಈ ಬದಿಗೆ. ಹೀಗೆ ಜಿಗಿದರೆ ಬ್ಯಾರೆಲ್‌ನಿಂದ ಪ್ಯಾಲೆಟ್‌ವರೆಗೆ ಎಲ್ಲ ಸರಿ, ರೋಗ ಬ್ಯಾಲೆನ್ಸ್‌ನಲ್ಲೇ. ಸೋಮಾರಿಯಾಗಿ ಅರ್ಧಕ್ಕೆ ಹೋಗಿ ನಿಂತರೆ ಹಿಂದೆಲ್ಲೋ ಬಿಗಿ ಇದೆ.

ಆಗ ಶಕ್ತಿ ಪೂರ್ತಿ ಇಳಿಸಿ, ಪ್ಯಾಲೆಟ್ ತೆಗೆದು, ಕೀ ಒಂದೇ ಒಂದು ಕ್ಲಿಕ್ ಕೊಡಿ. ಚಕ್ರಗಳು ಸುಯ್ಯನೆ ಸುತ್ತಿ, ನಿಲ್ಲುವ ಹೊತ್ತಿಗೆ ಎಸ್ಕೇಪ್ ಚಕ್ರ ಒಂದಿಷ್ಟು ಹಿಂದಕ್ಕೆ ತಿರುಗಿದರೆ ಸಾಲು ಸ್ವತಂತ್ರವಾಗಿದೆ. ಈ ಹಿಂತಿರುವು ಅತ್ಯಂತ ನಂಬಿಗಸ್ತ ಪರೀಕ್ಷೆ. ಅದು ಕಾಣದಿದ್ದರೆ ಒಂದೊಂದೇ ಚಕ್ರವನ್ನು ಚಿಮುಟದಿಂದ ಮೇಲೆ ಕೆಳಗೆ ಅಲುಗಿಸಿ ನೋಡಿ. ಪ್ರತಿ ಚಕ್ರಕ್ಕೂ ಕಣ್ಣಿಗೆ ಕಾಣುವಷ್ಟು, ಕೂದಲೆಳೆಯಷ್ಟು ಆಟ ಇರಲೇಬೇಕು. ಯಾವುದು ಅಲುಗುವುದಿಲ್ಲವೋ ಅಲ್ಲಿ ಎಣ್ಣೆ ಅಂಟಾಗಿದೆ, ಇಲ್ಲವೇ ಸೇತುವೆ ಸ್ಕ್ರೂ ಬಿಗಿಯುವಾಗ ಪಿವಟ್ ಕಲ್ಲಿನೊಳಗೆ ಸರಿಯಾಗಿ ಕೂತಿಲ್ಲ. ಎರಡನೆಯದು ಹಿಂದೆ ಯಾರೋ ಅವಸರದಲ್ಲಿ ಮಾಡಿದ ಸರ್ವಿಸ್‌ನ ಗುರುತು.

ಲೂಪ್‌ನಲ್ಲಿ ನೋಡುವಾಗ ಸಣ್ಣ ವಿಷಯಗಳನ್ನು ಬಿಡಬೇಡಿ. ಬಟ್ಟೆಯ ಎಳೆ, ಒಂದು ಕೂದಲು, ಸಡಿಲಾಗಿ ಬಿದ್ದ ಸ್ಕ್ರೂ ಸಾಕು ಸಾಲನ್ನು ನಿಲ್ಲಿಸಲು. ಪೈಲಟ್‌ನಂಥ ಕತ್ತಲಲ್ಲಿ ಹೊಳೆಯುವ ಮುಳ್ಳಿನ ವಾಚಿನಲ್ಲಿ ಹಳೆಯ ಲೂಮ್ (ಹೊಳೆಯುವ ಬಣ್ಣ) ಒಣಗಿ ಪುಡಿಯಾಗಿ ಉದುರುತ್ತದೆ, ಆ ಪುಡಿ ಚಕ್ರದ ಹಲ್ಲಿಗೆ ಬೀಳುತ್ತದೆ. ಆ ಪುಡಿಯನ್ನು ಊದಬೇಡಿ, ಮೂಸಬೇಡಿ. ಅಂಟು ಜೇಡಿಯಿಂದ ಎತ್ತಿ ತೆಗೆಯಿರಿ.

ತೊಳೆಯುವುದು, ಎಣ್ಣೆ ಹಾಕುವುದು

ಬೀದಿಬದಿಯ ರಿಪೇರಿಯಲ್ಲಿ ಇಡೀ ಮಷಿನನ್ನು ಪೆಟ್ರೋಲಿನಲ್ಲಿ ಅದ್ದಿ, ಆರಿಸಿ, ಒಂದು ಹನಿ ಎಣ್ಣೆ ಸುರಿದು ಕೊಡುವ ರೂಢಿ ಇದೆ. ವಾಚು ಆ ದಿನ ಓಡುತ್ತದೆ. ಆರು ತಿಂಗಳಿಗೆ ಮತ್ತೆ ನಿಲ್ಲುತ್ತದೆ, ಈ ಸಲ ಸವೆದ ಪಿವಟ್ ಸಮೇತ. ಕಾರಣ ಸರಳ: ಬಿಚ್ಚದೆ ಅದ್ದಿದರೆ ಕಲ್ಲಿನ ತೂತಿನೊಳಗಿನ ಹಳೆಯ ಅಂಟು ಹೋಗುವುದಿಲ್ಲ, ಬದಲಿಗೆ ಕರಗಿ ಎಲ್ಲ ಕಡೆ ತೆಳುವಾಗಿ ಹರಡುತ್ತದೆ. ಮೇಲಿಂದ ಹಾಕಿದ ಎಣ್ಣೆ ಹೇರ್‌ಸ್ಪ್ರಿಂಗಿಗೂ ಹೋಗುತ್ತದೆ. ಈ ಮಷಿನಿನಲ್ಲಿ ಭಾಗಗಳೇ ಕಡಿಮೆ ಇರುವಾಗ ಹೀಗೆ ಮಾಡಲು ನೆಪವೇ ಇಲ್ಲ. ಎಲ್ಲ ಬಿಚ್ಚಿ, ಲೈಟರ್ ತುಂಬುವ ಶುದ್ಧ ನಾಫ್ತಾದಲ್ಲಿ ತೊಳೆದು, ಕಲ್ಲಿನ ಪ್ರತಿ ತೂತಿನಲ್ಲಿ ಚೂಪು ಮಾಡಿದ ಮರದ ಕಡ್ಡಿ ತಿರುವಿ ತೆಗೆಯಬೇಕು. ಕಡ್ಡಿ ಬಿಳಿಯಾಗಿ ಹೊರಬರುವವರೆಗೆ ಮತ್ತೆ ಮತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕೊನೆಯದಾಗಿ ಅಲಸಬಹುದು, ಆದರೆ ಪ್ಯಾಲೆಟ್ ಮತ್ತು ಬ್ಯಾಲೆನ್ಸ್ ಅದರಲ್ಲಿ ನೆನೆಯಬಾರದು. ಅವುಗಳ ಕೆಂಪು ಕಲ್ಲು ಕೂತಿರುವುದು ಅರಗಿನ ಅಂಟಿನ ಮೇಲೆ, ಆಲ್ಕೋಹಾಲ್ ಅದನ್ನು ಕರಗಿಸುತ್ತದೆ.

ಎಣ್ಣೆ ಒಂದೇ ಬಗೆಯದು ಸಾಲದು. ವೇಗವಾಗಿ ತಿರುಗುವ ಚಕ್ರಗಳ ಪಿವಟ್‌ಗೂ ಬ್ಯಾಲೆನ್ಸ್ ಕಲ್ಲಿಗೂ ಮೋಬಿಯಸ್ ಕಂಪನಿಯ 9010ರಂಥ ತೆಳು ಎಣ್ಣೆ. ನಡುವಿನ ಚಕ್ರ, ಬ್ಯಾರೆಲ್ ಆರ್ಬರ್‌ನಂಥ ನಿಧಾನದ, ಭಾರದ ಜಾಗಕ್ಕೆ ಡಿ5 ಅಥವಾ ಎಚ್‌ಪಿ 1300. ಪ್ಯಾಲೆಟ್ ಕಲ್ಲುಗಳ ಮುಖಕ್ಕೆ 9415. ಸ್ಟೆಮ್ ಮತ್ತು ಕೀ ಭಾಗದ ಲಿವರ್‌ಗಳಿಗೆ ಗ್ರೀಸ್. ಕಲ್ಲಿನ ಬಟ್ಟಲಿನ ಅರ್ಧದಿಂದ ಮುಕ್ಕಾಲು ಭಾಗ ತುಂಬಿದರೆ ಸಾಕು. ತುಂಬಿ ತುಳುಕಿದರೆ ಎಣ್ಣೆ ಅಲ್ಲಿ ನಿಲ್ಲದೆ ಪೂರ್ತಿ ಹರಿದುಹೋಗಿ, ಕೊನೆಗೆ ಏನೂ ಹಾಕದ ಹಾಗೇ ಆಗುತ್ತದೆ. ಪ್ಯಾಲೆಟ್‌ನ ಪಿವಟ್‌ಗೆ ಎಣ್ಣೆ ಬೇಡ. ಚಕ್ರದ ಹಲ್ಲಿಗೂ ಬೇಡ. ಹೊಲಿಗೆ ಯಂತ್ರದ ಎಣ್ಣೆ, ತೆಂಗಿನೆಣ್ಣೆ, ಡಬ್ಬಿಯಿಂದ ಚಿಮುಕಿಸುವ ತುಕ್ಕುಬಿಡಿಸುವ ದ್ರವ, ಯಾವುದೂ ಇಲ್ಲಿಗೆ ಸಲ್ಲದು.

ಪ್ಯಾರಾಶಾಕ್ ಬಗ್ಗೆ ಒಂದು ದೂರು ಇದೆ. ಕಲ್ಲು ಹಿಡಿದಿಡುವ ಸ್ಪ್ರಿಂಗ್ ಅತಿ ಸಣ್ಣದು, ಬಿಡಿಸುವಾಗ ಚಿಮ್ಮಿದರೆ ಕಣ್ಣು ಹಿಂಬಾಲಿಸಲಾರದು. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಹಾಕಿ ಕೆಲಸ ಮಾಡಿದರೆ ಚಿಮ್ಮಿದ್ದೂ ಚೀಲದಲ್ಲೇ ಉಳಿಯುತ್ತದೆ. ಡಯಲ್ ಬದಿಯ ಕಲ್ಲನ್ನೂ ತೊಳೆಯಲೇಬೇಕು. ಸೋಮಾರಿ ಸರ್ವಿಸ್‌ನಲ್ಲಿ ಬಿಟ್ಟುಬಿಡುವುದು ಇದನ್ನೇ, ಏಕೆಂದರೆ ಅದಕ್ಕಾಗಿ ಮುಳ್ಳು, ಡಯಲ್ ಎಲ್ಲ ತೆಗೆಯಬೇಕಾಗುತ್ತದೆ. ಒಂದೇ ಮುಖದಲ್ಲಿ ನಿಲ್ಲುವ ವಾಚುಗಳ ರಹಸ್ಯ ಇಲ್ಲೇ ಅಡಗಿರುವುದು ಹೆಚ್ಚು.

ಮೇನ್‌ಸ್ಪ್ರಿಂಗ್ ತುಂಡಾಗಿದ್ದರೆ, ಅಥವಾ ಹೊರಗೆ ತೆಗೆದಾಗ ತಿರುವು ಮುರುವಾಗಿ ಹರಡಿಕೊಳ್ಳದೆ ಸುರುಳಿಯಾಗಿಯೇ ಕೂತರೆ, ಹೊಸದು ಹಾಕಿ. ಅಗಲ, ದಪ್ಪ, ಉದ್ದ ಮೂರೂ ಹೊಂದಬೇಕು. ದಪ್ಪದ ಸ್ಪ್ರಿಂಗ್ ಹಾಕಿದರೆ ಚೆನ್ನಾಗಿ ಓಡುತ್ತದೆ ಎಂಬ ನಂಬಿಕೆ ತಪ್ಪು. ಬ್ಯಾಲೆನ್ಸ್ ಮಿತಿ ಮೀರಿ ತೂಗಿ ಪ್ಯಾಲೆಟ್‌ನ ಹಿಂಬದಿಗೆ ಬಡಿಯುತ್ತದೆ, ವಾಚು ಕುದುರೆ ಓಡಿದಂತೆ ಮುಂದೆ ಓಡುತ್ತದೆ. ಆಟೊಮ್ಯಾಟಿಕ್ ವಾಚಿನ ಸ್ಪ್ರಿಂಗ್ ಇದಕ್ಕೆ ಆಗದು, ಅದರ ತುದಿ ಗೋಡೆಯ ಮೇಲೆ ಜಾರುವಂತೆ ಮಾಡಿರುತ್ತದೆ. ಕೀ ವಾಚಿನಲ್ಲಿ ತುದಿ ಕೊಕ್ಕೆಗೆ ಸಿಕ್ಕಬೇಕು.

ಬಿಚ್ಚುವಾಗ ಎರಡು ಕಡೆ ಕೈ ತಡೆಯಬೇಕು. ಸ್ಟೆಮ್ ತೆಗೆಯಲು ಅದರ ಪಕ್ಕದ ಸಣ್ಣ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿದರೆ ಸಾಕು. ಪೂರ್ತಿ ಬಿಚ್ಚಿದರೆ ಅದರ ಕೆಳಗಿನ ಲಿವರ್ ಡಯಲ್ ಬದಿಗೆ ಬೀಳುತ್ತದೆ, ಐದು ನಿಮಿಷದ ಕೆಲಸ ಒಂದು ಗಂಟೆಗೆ ಏರುತ್ತದೆ. ಹಾಗೆಯೇ ಕೀಯ ತಿರುವನ್ನು ಬ್ಯಾರೆಲ್ ಕಡೆಗೆ ಸಾಗಿಸುವ ಕ್ರೌನ್ ಚಕ್ರದ ಸ್ಕ್ರೂ ತಲೆಯ ಮೇಲೆ ಮೂರು ಗೀಟು ಕಂಡರೆ ಅದು ಎಡ ತಿರುಪಿನದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಗೀಟು ಇಲ್ಲದಿದ್ದರೂ ಬಲ ಹಾಕುವ ಮೊದಲು ಎರಡೂ ಕಡೆ ಹಗುರವಾಗಿ ಪರೀಕ್ಷಿಸಿ. ಇಲ್ಲಿ ತಲೆ ಮುರಿದ ಸ್ಕ್ರೂ ತೆಗೆಯುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಹೊಸ ಬಣ್ಣದ ಹಳೆಯ ವಾಚು

ಈಗ ಆನ್‌ಲೈನ್‌ನಲ್ಲಿ ಸಿಗುವ ಎಚ್‌ಎಂಟಿಗಳ ಮಾತು. ಫಳಫಳ ಹೊಳೆಯುವ ಕಡುನೀಲಿ, ಹಸಿರು, ಕಿತ್ತಳೆ ಡಯಲ್, ಹೊಸ ಪಟ್ಟಿ, ನಂಬಲಾಗದಷ್ಟು ಕಡಿಮೆ ಬೆಲೆ. ಇವುಗಳಲ್ಲಿ ಬಹುಪಾಲು ಡಯಲ್ ಮೇಲೆ ಮತ್ತೆ ಬಣ್ಣ ಬಳಿದು ಅಚ್ಚು ಹಾಕಿದವು. ಸಂಗ್ರಾಹಕರಿಗೆ ಇದು ಮೂಲವಲ್ಲ ಎಂಬ ಬೇಸರ. ರಿಪೇರಿ ಮಾಡುವವರ ಬೇಸರ ಬೇರೆ. ಈ ಬಣ್ಣದ ಕೋಟು ದಪ್ಪ. ಡಯಲ್ ನಡುವಿನ ತೂತಿನ ಅಂಚಿಗೂ ಬಣ್ಣ ಕೂತು ಗಂಟೆ ಮುಳ್ಳಿನ ಕೊಳವೆಗೆ ತಾಗುತ್ತದೆ. ಅಂಟಿಸಿದ ಗುರುತುಗಳು ಎತ್ತರವಾಗಿದ್ದು ಸೆಕೆಂಡ್ ಮುಳ್ಳಿನ ಬಾಲ ಅಲ್ಲಿ ಕೆರೆಯುತ್ತದೆ. ಬೇರೆ ವಾಚಿನ ಮುಳ್ಳು ತಂದು, ಕೊಳವೆ ಕಿರಿದಾದರೆ ಚುಚ್ಚಿ ಹಿರಿದು ಮಾಡಿ, ಹಿರಿದಾದರೆ ಚಿವುಟಿ ಕೂರಿಸಿರುತ್ತಾರೆ. ಮಷಿನ್ ಪೂರ್ತಿ ಸರಿ ಇದ್ದೂ ವಾಚು ನಿಲ್ಲುವುದು ಹೀಗೆ. ಕೊಂಡವರು ‘ಎಚ್‌ಎಂಟಿ ಕಳಪೆ’ ಎನ್ನುತ್ತಾರೆ.

ಇದನ್ನು ಪರೀಕ್ಷಿಸುವುದು ಸುಲಭ: ಮುಳ್ಳು ಮೂರನ್ನೂ ತೆಗೆದು ಮಷಿನನ್ನು ಒಂದು ದಿನ ಓಡಲು ಬಿಡಿ. ಓಡಿದರೆ ತಪ್ಪು ಮೇಲಿನದು. ಮುಳ್ಳು ಎಬ್ಬಿಸುವಾಗ ಡಯಲ್ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು, ಎರಡೂ ಬದಿಯಿಂದ ಲಿವರ್ ಸಮನಾಗಿ ಒತ್ತಿ ನೇರ ಮೇಲಕ್ಕೆ ಎತ್ತಬೇಕು. ಓರೆಯಾಗಿ ಎಳೆದರೆ ಸೆಕೆಂಡ್ ಮುಳ್ಳು ಕೂರುವ ಸೂಜಿಯಂಥ ತುದಿ ಮುರಿಯುತ್ತದೆ. ಮತ್ತೆ ಕೂರಿಸುವಾಗ ಎಲ್ಲ ಮುಳ್ಳು 12ಕ್ಕೆ ಸೇರಲಿ, ಪಕ್ಕದಿಂದ ಬೆಳಕಿಗೆ ಹಿಡಿದರೆ ಮೂರರ ನಡುವೆಯೂ ಬೆಳಕು ಕಾಣಬೇಕು. ಡಯಲ್ ಕೆಳಮುಖ ಮಾಡಿಯೂ ನೋಡಿ, ಗಂಟೆ ಮುಳ್ಳಿನ ಚಕ್ರ ಜಾರಿ ನಿಮಿಷದ ಮುಳ್ಳಿಗೆ ಅಂಟಿಕೊಳ್ಳುವುದು ಆಗಲೇ.

ಕೇಸಿನದೂ ಒಂದು ತಕರಾರು. ತೊಗಟೆ ಕೀಳುವಂತೆ ಪಾಲಿಶ್ ಮಾಡಿದ, ಬೇರೆ ಮಾಡೆಲಿನ ಕೇಸಿನಲ್ಲಿ ಮಷಿನ್ ಬಿಗಿಯಾಗಿ ಕೂರುವುದಿಲ್ಲ. ಒಳಗೆ ಒಂದಿಷ್ಟು ಅಲುಗಿದರೂ ಸ್ಟೆಮ್ ಓರೆಯಾಗಿ ತಿಕ್ಕುತ್ತದೆ; ಕೀ ಬಿಗಿಯಾಗುವುದಕ್ಕೂ, ಬೇಗ ಸ್ಟೆಮ್ ಮುರಿಯುವುದಕ್ಕೂ ಇದೇ ಕಾರಣ. ಕೊಳ್ಳುವ ಮೊದಲು ಮಾರುವವರಿಂದ ಮುಚ್ಚಳ ತೆಗೆದ ಚಿತ್ರ ಕೇಳಿ. ಸ್ಕ್ರೂ ತಲೆಗಳ ಗೀಟು ಹರಿದಿದೆಯೇ, ತುಕ್ಕಿನ ಕಂದು ಕಲೆ ಇದೆಯೇ, ಸೇತುವೆಗಳ ಬಣ್ಣ ಒಂದೇ ಆಗಿದೆಯೇ ನೋಡಿ. ಮೂರು ವಾಚು ಸೇರಿ ಒಂದಾದದ್ದು ಬಣ್ಣದಲ್ಲೇ ತಿಳಿಯುತ್ತದೆ. ಮಾಸಿದ ಡಯಲ್, ಗೀರು ಬಿದ್ದ ಗ್ಲಾಸ್ ಇರುವ, ನಿಂತ ಜನತಾ ವಾಚೇ ಹೊಳೆಯುವ ಓಡುವ ವಾಚಿಗಿಂತ ಒಳ್ಳೆಯ ಖರೀದಿ. ಗ್ಲಾಸ್ ಅಕ್ರಿಲಿಕ್ ಆದ್ದರಿಂದ ಪಾಲಿಶ್ ಪೇಸ್ಟ್‌ನಿಂದ ತಿಕ್ಕಿದರೆ ಗೀರು ಹೋಗುತ್ತದೆ.

ಯಾರಿಗೆ ಒಪ್ಪುತ್ತದೆ

ಬ್ಯಾಲೆನ್ಸ್ ಪಿವಟ್ ಮುರಿದಿದ್ದರೆ ಸ್ಟಾಫ್ ಬದಲಿಸಲು ಲೇತ್ ಮತ್ತು ಪಳಗಿದ ಕೈ ಬೇಕು. ಇಂಥಲ್ಲಿ ಇನ್ನೊಂದು ಕೆಟ್ಟ 0231 ಕೊಂಡು ಅದರ ಬ್ಯಾಲೆನ್ಸನ್ನು ಸೇತುವೆ ಸಮೇತ ಹಾಕುವುದೇ ಲಾಭ. ಲಕ್ಷಗಟ್ಟಲೆ ತಯಾರಾದ ಮಷಿನ್ ಆದ್ದರಿಂದ ಬಿಡಿ ಭಾಗಕ್ಕೆಂದೇ ಹಾಳು ಮಷಿನ್‌ಗಳು ಇನ್ನೂ ಸಿಗುತ್ತವೆ. ಈ ಒಂದು ಕಾರಣಕ್ಕೇ ವಾಚ್ ರಿಪೇರಿ ಕಲಿಯುವವರಿಗೆ ಇದನ್ನು ಮೊದಲ ಮಷಿನ್ ಆಗಿ ಧೈರ್ಯವಾಗಿ ಹೇಳಬಹುದು. ಹೆಂಗಸರ ಸಣ್ಣ ಎಚ್‌ಎಂಟಿಗಳನ್ನು ಮಾತ್ರ ಆರಂಭದಲ್ಲಿ ಮುಟ್ಟಬೇಡಿ. ಎಲ್ಲ ಅರ್ಧ ಅಳತೆ, ತಪ್ಪಿಗೆ ಜಾಗವಿಲ್ಲ.

ಬೆವರಿನ ಕೈಗೆ, ಕರಾವಳಿಯ ಹವೆಗೆ, ಮಲೆನಾಡಿನ ಮಳೆಗೆ ಇದು ಹೇಳಿ ಮಾಡಿಸಿದ್ದಲ್ಲ. ಕೀ ಸುತ್ತಲಿನ ಸಂದಿನಿಂದ ತೇವ ಒಳಗೆ ಬಂದು ಮೊದಲು ಸ್ಟೆಮ್, ಆಮೇಲೆ ಅದರ ಪಕ್ಕದ ಲಿವರ್, ಸ್ಪ್ರಿಂಗ್ ತುಕ್ಕು ಹಿಡಿಯುತ್ತವೆ. ಮಂಗಳೂರು, ಕಾರವಾರದ ಕಡೆ ಸಿಗುವ ವಾಚುಗಳಲ್ಲಿ ನಿಲ್ಲುವ ಮೊದಲ ಕಾರಣವಾಗಿ ಎಣ್ಣೆಗಿಂತ ತುಕ್ಕನ್ನೇ ಹುಡುಕಿ. ಮೇಲ್ಮೈ ತುಕ್ಕು ಒರೆಸಿ ತೆಗೆಯಬಹುದು. ಪಿವಟ್ ತುಕ್ಕಿನಿಂದ ಗುಳಿ ಬಿದ್ದಿದ್ದರೆ ಆ ಚಕ್ರವನ್ನೇ ಬದಲಿಸಬೇಕು.

ಸರ್ವಿಸ್ ಆದ ವಾಚನ್ನು ಬಡಿತ ಕೇಳಿ ಅಳೆಯುವ ಟೈಮ್‌ಗ್ರಾಫರ್ ಮೇಲಿಟ್ಟು ನೋಡಿ. ಯಂತ್ರ ಇಲ್ಲದಿದ್ದರೆ ಫೋನಿನ ಆ್ಯಪ್ ಕೂಡ ಒಂದು ಮಟ್ಟಕ್ಕೆ ಸಾಕು. ಬಡಿತ 18,000ಕ್ಕೆ ಕೂಡಿಸಿರಬೇಕು. ಪೂರ್ತಿ ಕೀ ಕೊಟ್ಟು ಡಯಲ್ ಮೇಲ್ಮುಖ ಇಟ್ಟಾಗ ಬ್ಯಾಲೆನ್ಸಿನ ತೂಗು 270 ಡಿಗ್ರಿ ಹತ್ತಿರ ಬಂದರೆ ಉತ್ತಮ, 240 ಆದರೂ ಹಳೆಯ ವಾಚಿಗೆ ಮರ್ಯಾದೆಯ ಅಂಕಿ. 200ರ ಕೆಳಗಿದ್ದರೆ ವಾಚು ಇವತ್ತು ಓಡುತ್ತಿದ್ದರೂ ಚಳಿಯ ಬೆಳಗಲ್ಲೋ ಕೀ ಇಳಿದ ಹೊತ್ತಿಗೋ ನಿಲ್ಲುತ್ತದೆ. ಬಿಚ್ಚಿ ಮತ್ತೆ ತೊಳೆಯಬೇಕು. ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ಹಿಡಿಯುವ ಸಮಯದ ವ್ಯತ್ಯಾಸ) 1 ಮಿಲಿಸೆಕೆಂಡ್ ಒಳಗಿರಲಿ. ಅದು ಜಾಸ್ತಿ ಇರುವ ವಾಚು ಒಮ್ಮೆ ನಿಂತರೆ ಕೀ ಕೊಟ್ಟರೂ ತಾನಾಗಿ ಶುರುವಾಗದು, ಕೈಯಲ್ಲಿ ತಿರುಗಿಸಿದಾಗಲೇ ಹೊರಡುತ್ತದೆ. ಇದಾದ ಮೇಲೆ ಡಯಲ್ ಮೇಲೆ, ಡಯಲ್ ಕೆಳಗೆ, ಕೀ ಕೆಳಗೆ, ಹೀಗೆ ಒಂದೊಂದು ಭಂಗಿಯಲ್ಲಿ ಒಂದೊಂದು ದಿನ ಇಟ್ಟು ಎಷ್ಟು ಹಿಂದೆ ಮುಂದೆ ಆಯಿತೆಂದು ಬರೆದುಕೊಂಡ ನಂತರವೇ ವೇಗ ಹೊಂದಿಸುವ ರೆಗ್ಯುಲೇಟರ್ ಕಡ್ಡಿಗೆ ಕೈಹಾಕಿ. ಹಿಂಬದಿ ಮುಚ್ಚಳದ ರಬ್ಬರ್ ರಿಂಗ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದನ್ನೂ ಈಗಲೇ ಬದಲಿಸಿ.